ಕುದುರೆಮೆಂತೆಯ ಜೀನ್, ಹಸುವಿನ ಮೆಲುಕು

2022ರ ಜನವರಿಯಲ್ಲಿ ಭಾರತ ಮತ್ತು ಅಮೆರಿಕ ಒಂದು ಸಣ್ಣ ಕೊಡುಕೊಳ್ಳುವಿಕೆಯ ಒಪ್ಪಂದಕ್ಕೆ ಸಹಿ ಹಾಕಿದವು. ನಮ್ಮ ಮಾವು, ದಾಳಿಂಬೆ ಅಲ್ಲಿಗೆ. ಅವರ ಚೆರ್ರಿ ಹಣ್ಣು ಮತ್ತು ಒಣಗಿಸಿದ ಅಲ್ಫಾಲ್ಫಾ ಹುಲ್ಲು ಇಲ್ಲಿಗೆ. ಮಾವಿನ ಸುದ್ದಿ ನಮಗೆಲ್ಲ ನೆನಪಿದೆ. ಹುಲ್ಲಿನ ಸುದ್ದಿ ಯಾರಿಗೂ ನೆನಪಿಲ್ಲ. ಆದರೆ ಅಂದಿನಿಂದ ಆಗಾಗ ಒಂದು ವಾಟ್ಸಾಪ್ ಸಂದೇಶ ನಮ್ಮ ಸೊಸೈಟಿಯ ಗುಂಪಿಗೂ ಬರುತ್ತದೆ, ಕನ್ನಡ ಸಂಘದ ಗುಂಪಿಗೂ ಬರುತ್ತದೆ: ‘ಜಿಎಂ ಹುಲ್ಲು ತಿಂದ ಹಸುವಿನ ಹಾಲು ಬರುತ್ತಿದೆ, ಮಕ್ಕಳಿಗೆ ಕುಡಿಸಬೇಡಿ.’ ಕೆಳಗೆ ನಾಲ್ಕು ಕೆಂಪು ಆಶ್ಚರ್ಯಸೂಚಕಗಳು. ಅದಕ್ಕೆ ಪ್ರತಿಯಾಗಿ ಇನ್ನೊಬ್ಬರು, ‘ವಿಜ್ಞಾನ ಗೊತ್ತಿಲ್ಲದವರ ಮಾತು ಇದು’ ಎಂದು ಬರೆಯುತ್ತಾರೆ. ಅಲ್ಲಿಗೆ ಚರ್ಚೆ ಮುಗಿದು ‘ಶುಭೋದಯ’ ಶುರುವಾಗುತ್ತದೆ.

ಇಬ್ಬರೂ ಕೇಳದೆ ಬಿಟ್ಟ ಪ್ರಶ್ನೆ ಒಂದಿದೆ. ಹುಲ್ಲಿನಲ್ಲಿ ಬದಲಾಯಿಸಿದ್ದು ಏನು? ಅದು ಹಸುವಿನ ಹೊಟ್ಟೆಗೆ ಹೋದ ಮೇಲೆ ಏನಾಗುತ್ತದೆ? ಈ ತಿಂಗಳ ಅಂಕಣದಲ್ಲಿ ಅದನ್ನೇ ನೋಡೋಣ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಜಿಎಂ ಮೇವಿಗೆ ನಮ್ಮ ದೇಶದಲ್ಲಿ ಜಿಇಎಸಿ ಎಂಬ ಕೇಂದ್ರ ಸಮಿತಿಯ ಅನುಮತಿ ಬೇಕೇ ಬೇಕು. ಹಡಗು ಹತ್ತಿ ಬಂದ ಹುಲ್ಲೆಲ್ಲ ಜಿಎಂ ಅಂತ ಅರ್ಥವಲ್ಲ.

ಅಲ್ಫಾಲ್ಫಾ ಅಂದರೆ ಏನೋ ವಿದೇಶಿ ಗಿಡ ಅಂದುಕೊಳ್ಳಬೇಡಿ. ನಮ್ಮ ಕುದುರೆಮೆಂತೆಯೇ ಅದು. ಮೂರೆಲೆಯ ಗೊಂಚಲು, ನೇರಳೆ ಹೂವು, ನೋಡಲು ಮೆಂತ್ಯದ ಸೊಪ್ಪಿನ ದೊಡ್ಡಣ್ಣನ ಹಾಗೆ. ಪುಣೆಯ ಸುತ್ತ ಹಳ್ಳಿಗಳಲ್ಲಿ ಅದನ್ನು ಲಸೂಣ್ ಘಾಸ್ ಎನ್ನುತ್ತಾರೆ, ಬೆಳ್ಳುಳ್ಳಿಗೂ ಅದಕ್ಕೂ ಸಂಬಂಧವಿಲ್ಲ, ‘ಲೂಸರ್ನ್’ ಎಂಬ ಹೆಸರು ಮರಾಠಿ ಬಾಯಲ್ಲಿ ಹಾಗಾಗಿದೆ. ಚೆನ್ನೈಯ ಓದುಗರು ಇದನ್ನು ಕುದಿರೈ ಮಸಾಲ್ ಎಂದು ಕೇಳಿರಬಹುದು, ದೆಹಲಿಯವರು ರಿಜ್ಕಾ ಎಂದು. ಮಹಾರಾಷ್ಟ್ರದ ರಾಹುರಿ ಕೃಷಿ ವಿಶ್ವವಿದ್ಯಾಲಯ ಕೊಟ್ಟ ಆರ್‌ಎಲ್-88 ತಳಿ ಈ ಕಡೆ ಹೆಸರುವಾಸಿ. ಒಮ್ಮೆ ಬಿತ್ತಿದರೆ ಕೆಲವು ವರ್ಷ ಮತ್ತೆ ಮತ್ತೆ ಕೊಯ್ಯಬಹುದು. ಬೇರು ಆಳಕ್ಕೆ ಹೋಗುತ್ತದೆ. ದ್ವಿದಳ ಜಾತಿಯಾದ್ದರಿಂದ ಗಾಳಿಯ ಸಾರಜನಕವನ್ನು ತಾನೇ ಹಿಡಿದುಕೊಳ್ಳುತ್ತದೆ. ಒಣ ತೂಕದಲ್ಲಿ ಹೆಚ್ಚು ಕಡಿಮೆ ಐದರಲ್ಲೊಂದು ಪಾಲು ಪ್ರೋಟೀನ್. ಹಾಲು ಕೊಡುವ ದನಕ್ಕೆ ಇದಕ್ಕಿಂತ ಒಳ್ಳೆಯ ಹಸಿರು ಸಿಗುವುದು ಕಷ್ಟ.

ಇನ್ನು ಹಸುವಿನ ಹೊಟ್ಟೆ. ಶಾಲೆಯಲ್ಲಿ ನಾಲ್ಕು ಕೋಣೆ ಅಂತ ಬಾಯಿಪಾಠ ಮಾಡಿದ್ದೇವೆ. ಅದರಲ್ಲಿ ಮೊದಲನೆಯದು ರೂಮೆನ್, ಅತಿ ದೊಡ್ಡದು. ದೊಡ್ಡ ಹಸುವಿನಲ್ಲಿ ನೂರು ಲೀಟರಿಗೂ ಹೆಚ್ಚು ಹಿಡಿಯುವ ಒಂದು ಹಂಡೆ ಎಂದುಕೊಳ್ಳಿ. ಒಳಗೆ 39 ಡಿಗ್ರಿ ಶಾಖ, ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ, ಪಿಎಚ್ ಸಾಮಾನ್ಯವಾಗಿ 6ರಿಂದ 7ರ ನಡುವೆ. ರಾತ್ರಿ ಇಡ್ಲಿ ಹಿಟ್ಟು ಹುದುಗುತ್ತದಲ್ಲ, ಇದೂ ಅಂಥದ್ದೇ ಒಂದು ಹುದುಗು. ವ್ಯತ್ಯಾಸವೆಂದರೆ ಈ ಪಾತ್ರೆಯನ್ನು ಯಾರೂ ತೊಳೆದು ಮಗುಚುವುದಿಲ್ಲ. ಒಂದು ಕಡೆ ಹುಲ್ಲು ಬೀಳುತ್ತಲೇ ಇರುತ್ತದೆ, ಇನ್ನೊಂದು ಕಡೆ ಹುದುಗಿದ್ದು ಹೊರಗೆ ಸಾಗುತ್ತಲೇ ಇರುತ್ತದೆ. ಮೆಲುಕು ಹಾಕುವಾಗ ದಿನಕ್ಕೆ ನೂರು ಲೀಟರಿಗೂ ಹೆಚ್ಚು ಜೊಲ್ಲು ಸುರಿದು ಹುಳಿ ಏರದಂತೆ ಕಾಯುತ್ತದೆ.

ಆ ಹಂಡೆಯ ಒಂದು ಮಿಲಿಲೀಟರ್ ರಸದಲ್ಲಿ ಸಾವಿರ ಕೋಟಿಗೂ ಮಿಕ್ಕಿ ಬ್ಯಾಕ್ಟೀರಿಯಾಗಳಿರುತ್ತವೆ. ಜೊತೆಗೆ ಪ್ರೊಟೊಜೋವಾಗಳು, ಆಮ್ಲಜನಕ ಬೇಡದ ಶಿಲೀಂಧ್ರಗಳು. ಈ ಶಿಲೀಂಧ್ರಗಳನ್ನು ಗುರುತಿಸಿದ್ದು ಬಹಳ ತಡವಾಗಿ, 1975ರಲ್ಲಿ, ಬ್ರಿಟನ್ನಿನ ಕಾಲಿನ್ ಆರ್ಪಿನ್. ಅದಕ್ಕೂ ಮೊದಲು ನೋಡಿದವರು ಅವುಗಳ ಈಜುವ ಬೀಜಕಗಳನ್ನು ಪ್ರೊಟೊಜೋವಾ ಎಂದೇ ತಿಳಿದಿದ್ದರು.

ಹುಲ್ಲಿನ ಸೆಲ್ಯುಲೋಸನ್ನು ಒಡೆಯುವ ಕಿಣ್ವ ಹಸುವಿಗಿಲ್ಲ, ನಮಗೂ ಇಲ್ಲ. ಇರುವುದು ಈ ಸೂಕ್ಷ್ಮಜೀವಿಗಳಿಗೆ. ಅವು ನಾರನ್ನು ಒಡೆದು, ಸಕ್ಕರೆ ತಿಂದು, ಅಸಿಟಿಕ್, ಪ್ರೊಪಿಯೋನಿಕ್, ಬ್ಯುಟಿರಿಕ್ ಎಂಬ ಹುಳಿಗಳನ್ನು ಹೊರಹಾಕುತ್ತವೆ. ಹಸು ತನ್ನ ಶಕ್ತಿಯ ಬಹುಪಾಲನ್ನು ಪಡೆಯುವುದು ಈ ಹುಳಿಗಳಿಂದ. ಆಮೇಲೆ ಆ ಸೂಕ್ಷ್ಮಜೀವಿಗಳೂ ಮುಂದಿನ ಕೋಣೆಗೆ ಹರಿದು ಹೋಗಿ ಜೀರ್ಣವಾಗುತ್ತವೆ, ಹಸುವಿಗೆ ಪ್ರೋಟೀನ್ ಆಗುತ್ತವೆ. ಸರಿಯಾಗಿ ಹೇಳಬೇಕೆಂದರೆ ಹುಲ್ಲು ತಿನ್ನುವುದು ಸೂಕ್ಷ್ಮಜೀವಿ, ಹಸು ತಿನ್ನುವುದು ಅವುಗಳ ಎಂಜಲನ್ನು ಮತ್ತು ಅವನ್ನೇ. ಈ ವ್ಯವಹಾರದಲ್ಲಿ ಸ್ವಲ್ಪ ಶಕ್ತಿ ಮೀಥೇನ್ ಆಗಿ ತೇಗಿನ ಮೂಲಕ ಗಾಳಿಗೆ ಹೋಗುತ್ತದೆ.

ಎಲ್ಲ ಹುಲ್ಲೂ ಒಂದೇ ಥರ ಹುದುಗುವುದಿಲ್ಲ, ಅದಕ್ಕೆ ಕಾರಣ ಲಿಗ್ನಿನ್. ಊಟದಲ್ಲಿ ನುಗ್ಗೆಕಾಯಿ ಬಂದರೆ ಏನು ಮಾಡುತ್ತೇವೆ? ಎಳೆಯದಾದರೆ ಇಡಿಯಾಗಿ ನುಂಗುತ್ತೇವೆ, ಬಲಿತದ್ದಾದರೆ ಜಗಿದು ರಸ ಹೀರಿ ನಾರನ್ನು ತಟ್ಟೆಯ ಅಂಚಿಗೆ ಇಡುತ್ತೇವೆ. ಆ ಬಲಿತ ನಾರಿನಲ್ಲಿರುವ ಸೆಲ್ಯುಲೋಸ್ ಒಳ್ಳೆಯ ಆಹಾರವೇ. ಆದರೆ ಗಿಡ ಬೆಳೆದು ನಿಲ್ಲಬೇಕಾದಾಗ ತನ್ನ ಕಾಂಡದ ಕೋಶಗಳ ಗೋಡೆಗೆ ಲಿಗ್ನಿನ್ ಎಂಬ ಗಟ್ಟಿ ವಸ್ತುವನ್ನು ತುಂಬುತ್ತದೆ. ಕಬ್ಬಿಣದ ಸರಳುಗಳ ನಡುವೆ ಕಾಂಕ್ರೀಟು ಹೊಯ್ದ ಹಾಗೆ. ರೂಮೆನ್ನಿನ ಬ್ಯಾಕ್ಟೀರಿಯಾ ಸರಳನ್ನು ತಿನ್ನಬಲ್ಲದು, ಕಾಂಕ್ರೀಟನ್ನು ದಾಟಿ ಹೋಗಲಾರದು. ಆಮ್ಲಜನಕವಿಲ್ಲದ ಆ ಜಾಗದಲ್ಲಿ ಲಿಗ್ನಿನ್ ಹೆಚ್ಚು ಕಡಿಮೆ ಹಾಗೆಯೇ ಉಳಿದು ಸಗಣಿಗೆ ಹೋಗುತ್ತದೆ, ಹೋಗುವಾಗ ತಾನು ಹಿಡಿದಿಟ್ಟ ಸೆಲ್ಯುಲೋಸನ್ನೂ ಕರೆದುಕೊಂಡು ಹೋಗುತ್ತದೆ.

ರೈತನ ಇಕ್ಕಟ್ಟು ಹುಟ್ಟುವುದು ಇಲ್ಲಿ. ಕುದುರೆಮೆಂತೆಯನ್ನು ಬೇಗ ಕೊಯ್ದರೆ ಮೇವು ಮೆತ್ತಗೆ, ಆದರೆ ರಾಶಿ ಸಣ್ಣದು. ಹೂ ಬಿಡುವ ತನಕ ಬಿಟ್ಟರೆ ರಾಶಿ ದೊಡ್ಡದು, ಕಾಂಡ ಕಟ್ಟಿಗೆಯಂತಾಗಿರುತ್ತದೆ. ಅಮೆರಿಕದ ಡೇರಿ ಪ್ರದೇಶಗಳಲ್ಲಿ ಹೆಚ್ಚು ಕಡಿಮೆ 28 ದಿನಕ್ಕೊಮ್ಮೆ ಕೊಯ್ಯುವ ರೂಢಿ ಬಂದದ್ದು ಇದೇ ಲೆಕ್ಕದಿಂದ. ಕೊಯ್ಯಬೇಕಾದ ದಿನ ಮಳೆ ಬಂದರೆ ಒಂದು ವಾರ ಹೋಯಿತು, ಮೇವಿನ ಬೆಲೆಯೂ ಹೋಯಿತು.

ಜಿಎಂ ಕುದುರೆಮೆಂತೆ ಎಂದು ಒಂದೇ ಹೆಸರಿನಲ್ಲಿ ಕರೆಯುವುದರೊಳಗೆ ಎರಡು ಬೇರೆ ಬೇರೆ ಕಥೆಗಳಿವೆ.

ಮೊದಲನೆಯದು ರೌಂಡಪ್ ರೆಡಿ. ಗ್ಲೈಫೋಸೇಟ್ ಎಂಬ ಕಳೆನಾಶಕ ಸಿಂಪಡಿಸಿದರೂ ಸಾಯದ ಗಿಡ. ಅಮೆರಿಕದ ಕೃಷಿ ಇಲಾಖೆ ಇದಕ್ಕೆ 2005ರಲ್ಲಿ ಹಸಿರು ನಿಶಾನೆ ತೋರಿಸಿತು. ಸಾಂಪ್ರದಾಯಿಕ ಬೀಜ ಬೆಳೆಯುವವರು ನ್ಯಾಯಾಲಯಕ್ಕೆ ಹೋದರು. ಅವರ ವಾದ ಸರಳ: ಕುದುರೆಮೆಂತೆ ಜೇನುನೊಣದಿಂದ ಪರಾಗಸ್ಪರ್ಶವಾಗುವ ಬಹುವಾರ್ಷಿಕ ಗಿಡ, ನೊಣಕ್ಕೆ ಬೇಲಿ ಗೊತ್ತಿಲ್ಲ, ಪಕ್ಕದ ಹೊಲದ ಜೀನ್ ನಮ್ಮ ಬೀಜಕ್ಕೆ ಬಂದರೆ ನಾವೇನು ಮಾಡಬೇಕು? ಪೂರ್ಣ ಪರಿಸರ ವರದಿ ತಯಾರಿಸದೆ ಅನುಮತಿ ಕೊಟ್ಟದ್ದು ತಪ್ಪೆಂದು 2007ರಲ್ಲಿ ಕ್ಯಾಲಿಫೋರ್ನಿಯಾದ ನ್ಯಾಯಾಲಯ ಹೊಸ ಬಿತ್ತನೆಗೆ ತಡೆ ಹಾಕಿತು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2010ರ ಜೂನ್‌ನಲ್ಲಿ ಆ ತಡೆ ವಿಪರೀತವಾಯಿತೆಂದು ಕೋರ್ಟು ಅದನ್ನು ತೆಗೆದುಹಾಕಿತು. ಕೃಷಿ ಇಲಾಖೆ ಪರಿಸರ ವರದಿ ಮುಗಿಸಿ 2011ರ ಜನವರಿಯಲ್ಲಿ ಮತ್ತೆ ಪೂರ್ಣ ಅನುಮತಿ ಕೊಟ್ಟಿತು.

ಈ ಜೀನಿಗೂ ಹಸುವಿನ ಜೀರ್ಣಕ್ಕೂ ನೇರ ಸಂಬಂಧವಿಲ್ಲ. ಅದು ಕಳೆಯ ಲೆಕ್ಕ. ವಿಸ್ಕಾನ್ಸಿನ್ನಿನ ಹಾಲಿನ ಹಸುಗಳಿಗೆ ಈ ಹುಲ್ಲನ್ನೂ ಮಾಮೂಲಿ ಹುಲ್ಲನ್ನೂ ತಿನ್ನಿಸಿ ಹೋಲಿಸಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ತಿನ್ನುವ ಪ್ರಮಾಣದಲ್ಲಾಗಲಿ, ಹಾಲಿನ ಪ್ರಮಾಣದಲ್ಲಾಗಲಿ, ಹಾಲಿನ ಗುಣದಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ನಿರೀಕ್ಷೆಯೂ ಅದೇ ಆಗಿತ್ತು.

ಎರಡನೆಯ ಕಥೆ ಹಸುವಿನ ಹೊಟ್ಟೆಯನ್ನೇ ಗುರಿಯಾಗಿಟ್ಟುಕೊಂಡದ್ದು. ಗಿಡದೊಳಗೆ ಲಿಗ್ನಿನ್ ತಯಾರಾಗುವುದು ಒಂದು ಅಸೆಂಬ್ಲಿ ಲೈನಿನಲ್ಲಿ. ಹತ್ತಾರು ಕಿಣ್ವಗಳು ಒಂದರ ನಂತರ ಒಂದು ಕೆಲಸ ಮಾಡುತ್ತವೆ. ಓಕ್ಲಹೋಮಾದ ನೋಬಲ್ ಫೌಂಡೇಶನ್ನಿನಲ್ಲಿ ರಿಚರ್ಡ್ ಡಿಕ್ಸನ್ ಅವರ ತಂಡ ಈ ಸಾಲಿನ ಒಂದೊಂದೇ ಕಿಣ್ವವನ್ನು ತಗ್ಗಿಸಿ ಏನಾಗುತ್ತದೆಂದು ನೋಡಿತು. ಕಾಮ್ಟ್ ಎಂಬ ಕಿಣ್ವ ತಗ್ಗಿಸಿದಾಗ ಒಂದು ಫಲ, ಸಿಸಿಒಎಒಎಂಟಿ ಎಂಬ ಬಾಯಿಗೆ ಸಿಗದ ಹೆಸರಿನ ಕಿಣ್ವ ತಗ್ಗಿಸಿದಾಗ ಇನ್ನೊಂದು ಫಲ. 2001ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ, ಹೋರಿಗಳ ರೂಮೆನ್ನಿನೊಳಗೆ ಇಟ್ಟು ನೋಡಿದಾಗ, ಎರಡನೆಯ ಬಗೆಯ ಗಿಡವೇ ಹೆಚ್ಚು ಚೆನ್ನಾಗಿ ಕರಗಿತು.

ಆ ದಾರಿಯಲ್ಲಿ ಮುಂದೆ ಹುಟ್ಟಿದ್ದು ಕೆಕೆ179 ಎಂಬ ಗಿಡ. 2014ರ ನವೆಂಬರಿನಲ್ಲಿ ಅಮೆರಿಕದ ಕೃಷಿ ಇಲಾಖೆ ಅನುಮತಿ ಕೊಟ್ಟಿತು, ಹಾರ್ವ್‌ಎಕ್ಸ್‌ಟ್ರಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಇದರ ತಂತ್ರ ನಮ್ಮ ಕ್ಷೇತ್ರದವರಿಗೆ ಬೇಗ ಹಿಡಿಸುತ್ತದೆ. ಹೊಸ ಪ್ರೋಟೀನ್ ತಯಾರಿಸುವ ಕೋಡು ಸೇರಿಸಿಲ್ಲ. ಗಿಡದ್ದೇ ಜೀನಿನ ತುಣುಕನ್ನು ಹಿಂದುಮುಂದಾಗಿ ಜೋಡಿಸಿ, ಆ ಕಿಣ್ವಕ್ಕೆ ಹೋಗುವ ಸಂದೇಶವನ್ನು ನಡುದಾರಿಯಲ್ಲೇ ಕತ್ತರಿಸುವ ವ್ಯವಸ್ಥೆ ಮಾಡಿದ್ದಾರೆ. ಆರ್‌ಎನ್‌ಎ ಮೂಲಕ ಜೀನನ್ನು ಮೌನಗೊಳಿಸುವ ವಿಧಾನ ಇದು. ಕಿಣ್ವ ಪೂರ್ತಿ ನಿಲ್ಲುವುದಿಲ್ಲ, ತಗ್ಗುತ್ತದೆ. ಪೂರ್ತಿ ನಿಲ್ಲಿಸಿದರೆ ಗಿಡ ನಿಲ್ಲುವುದೇ ಕಷ್ಟ, ಏಕೆಂದರೆ ಲಿಗ್ನಿನ್ ಇಲ್ಲದೆ ನೀರು ಮೇಲೇರುವ ನಾಳಗಳು ಕುಸಿಯುತ್ತವೆ. ಇದರ ಮಾರಾಟಗಾರರು ರೈತನಿಗೆ ಹೇಳುವುದು: ಕೊಯ್ಲನ್ನು 7ರಿಂದ 10 ದಿನ ಮುಂದೂಡಿದರೂ ಮೇವು ಗಡಸಾಗದು, ವರ್ಷಕ್ಕೆ ಒಂದು ಕೊಯ್ಲಿನ ಖರ್ಚು ಉಳಿಯುತ್ತದೆ.

ಹೇಳಿದ್ದನ್ನು ಅಳೆಯುವುದು ಹೇಗೆ? ಇಲ್ಲಿ ಮೂರು ಮೆಟ್ಟಿಲುಗಳಿವೆ. ಮೊದಲನೆಯದು ಗಾಜಿನ ಬಟ್ಟಲು. 1963ರಲ್ಲಿ ಬ್ರಿಟನ್ನಿನ ಟಿಲ್ಲಿ ಮತ್ತು ಟೆರ್ರಿ ಎಂಬ ಇಬ್ಬರು ರೂಮೆನ್ ರಸದಲ್ಲಿ ಎರಡು ದಿನ, ಆಮೇಲೆ ಪೆಪ್ಸಿನ್ ಮತ್ತು ಆಮ್ಲದಲ್ಲಿ ಎರಡು ದಿನ ಮೇವನ್ನು ನೆನೆಸಿ ಅಳೆಯುವ ಕ್ರಮ ತಂದರು. ಎರಡನೆಯದು ನೈಲಾನ್ ಚೀಲ. ಹಸುವಿನ ಪಕ್ಕೆಯಲ್ಲಿ ಶಸ್ತ್ರಕ್ರಿಯೆಯಿಂದ ಒಂದು ಕಿಟಕಿ ಮಾಡಿ ಮುಚ್ಚಳ ಕೂರಿಸಿರುತ್ತಾರೆ. ಸಣ್ಣ ರಂಧ್ರಗಳ ಚೀಲದಲ್ಲಿ ಮೇವು ತುಂಬಿ ಒಳಗೆ ಇಳಿಬಿಡುತ್ತಾರೆ. 4 ಗಂಟೆ, 8 ಗಂಟೆ, 24, 48 ಹೀಗೆ ಒಂದೊಂದು ಚೀಲವನ್ನೂ ತೆಗೆದು, ತೊಳೆದು, ಒಣಗಿಸಿ ತೂಗುತ್ತಾರೆ. ಎಷ್ಟು ಕಡಿಮೆಯಾಯಿತೋ ಅಷ್ಟು ಕರಗಿತು. ಮೂರನೆಯದು ಇಡೀ ಹಸು: ತಿಂದದ್ದು, ಕೊಟ್ಟ ಹಾಲು, ಹಾಕಿದ ಸಗಣಿ ಎಲ್ಲದರ ಲೆಕ್ಕ.

ನೈಲಾನ್ ಚೀಲದ ಅಂಕಿಗಳಿಗೆ ಒಂದು ಗೆರೆ ಎಳೆಯುವ ಸೂತ್ರವನ್ನು 1979ರಲ್ಲಿ ಸ್ಕಾಟ್ಲೆಂಡಿನ ಓರ್ಸ್ಕೋವ್ ಮತ್ತು ಮೆಕ್‌ಡೊನಾಲ್ಡ್ ಕೊಟ್ಟರು. ಇಂದಿಗೂ ಇದೇ ಬಳಕೆಯಲ್ಲಿದೆ. ಸರ್ವರಿನ ಕ್ಯೂ ಲೆಕ್ಕ ಹಾಕಿದವರಿಗೆ ಇದು ಹಳೆಯ ಗೆಳೆಯನಂತೆ ಕಾಣುತ್ತದೆ. ಮೇವಿನಲ್ಲಿ ಮೂರು ಪಾಲು: ತಕ್ಷಣ ಕರಗುವುದು, ನಿಧಾನವಾಗಿ ಕರಗುವುದು, ಎಂದೂ ಕರಗದ್ದು. ನಿಧಾನದ ಪಾಲಿಗೆ ಎರಡು ವೇಗಗಳ ಪೈಪೋಟಿ. ಒಂದು, ಸೂಕ್ಷ್ಮಜೀವಿಗಳು ಅದನ್ನು ಕರಗಿಸುವ ವೇಗ. ಇನ್ನೊಂದು, ಅದು ಕರಗುವ ಮೊದಲೇ ರೂಮೆನ್ನಿನಿಂದ ಜಾರಿ ಹೋಗುವ ವೇಗ.

ತಿಳಿಯುವ ಸಲುವಾಗಿ ನಾನೇ ಇಟ್ಟುಕೊಂಡ ಅಂಕಿಗಳಲ್ಲಿ ಲೆಕ್ಕ ನೋಡಿ. ನೂರು ಕಿಲೋ ಮೇವಿನಲ್ಲಿ 30 ತಕ್ಷಣದ್ದು, 45 ನಿಧಾನದ್ದು, 25 ಕರಗದ್ದು ಇರಲಿ. ಕರಗುವ ವೇಗ ಗಂಟೆಗೆ ಶೇ. 8, ಜಾರುವ ವೇಗ ಶೇ. 5. ಆಗ ನಿಧಾನದ ಪಾಲಿನಲ್ಲಿ 13ಕ್ಕೆ 8ರಂತೆ, ಅಂದರೆ ಸುಮಾರು 28 ಕಿಲೋ ಕರಗುತ್ತದೆ. ಒಟ್ಟು 58. ಈಗ ಲಿಗ್ನಿನ್ ತಗ್ಗಿಸಿ ಕರಗದ್ದನ್ನು 22ಕ್ಕೆ ಇಳಿಸಿದೆವು, ನಿಧಾನದ್ದು 48 ಆಯಿತು, ವೇಗ 9ಕ್ಕೇರಿತು ಎನ್ನಿ. ಒಟ್ಟು ಸುಮಾರು 61. ನೂರಕ್ಕೆ ಮೂರು ಕಿಲೋ ಲಾಭ. ಆದರೆ ಅದೇ ಹಸು ಹೆಚ್ಚು ಹಾಲಿಗಾಗಿ ಹೆಚ್ಚು ತಿನ್ನುತ್ತ, ಹೊಟ್ಟೆಯಿಂದ ಮೇವು ಜಾರುವ ವೇಗ ಗಂಟೆಗೆ ಶೇ. 7 ಆದರೆ? ಮೊದಲ ಮೇವಿನದು 54ಕ್ಕೆ ಇಳಿಯುತ್ತದೆ, ಎರಡನೆಯದು 57ಕ್ಕೆ. ಜೀನ್ ತಂದುಕೊಟ್ಟ ಲಾಭದಷ್ಟನ್ನೂ ಅದಕ್ಕಿಂತ ಮಿಗಿಲಾಗಿಯೂ ಹಸುವಿನ ಹಸಿವೇ ತಿಂದುಹಾಕಬಲ್ಲದು.

ಬಟ್ಟಲಿನಲ್ಲಿ ಕಂಡ ಹೆಚ್ಚಳ ಹಾಲಿನ ಬಕೆಟ್ಟಿಗೆ ಅಷ್ಟೇ ಪ್ರಮಾಣದಲ್ಲಿ ಬರಬೇಕೆಂದಿಲ್ಲ ಎನ್ನುವುದು ಇದಕ್ಕೇ. ಇನ್ನೂ ಕಾರಣಗಳಿವೆ. ಚೀಲದೊಳಗಿನ ಮೇವನ್ನು ಹಸು ಮೆಲುಕು ಹಾಕಿರುವುದಿಲ್ಲ. ಚೀಲ ತೊಳೆಯುವಾಗ ಸಣ್ಣ ಪುಡಿ ಸೋರಿಹೋದರೆ ಅದೂ ‘ಕರಗಿತು’ ಎಂದು ಲೆಕ್ಕಕ್ಕೆ ಸೇರುತ್ತದೆ. ಲಿಗ್ನಿನ್ ಇರುವುದು ಮುಖ್ಯವಾಗಿ ಕಾಂಡದಲ್ಲಿ, ಪ್ರೋಟೀನ್ ಇರುವುದು ಎಲೆಯಲ್ಲಿ. ಒಣಗಿಸುವಾಗ ಎಲೆ ಉದುರಿಹೋದರೆ ಯಾವ ಜೀನೂ ಅದನ್ನು ವಾಪಸ್ ತರದು. ಹಾಲಿನ ಹಸುವಿನ ತಾಟಿನಲ್ಲಿ ಕುದುರೆಮೆಂತೆ ಒಂದು ಪಾಲು ಮಾತ್ರ, ಜೋಳ, ಹಿಂಡಿ, ಹೊಟ್ಟು ಉಳಿದವು. ನಾರು ತೀರಾ ಮೆತ್ತಗಾದರೂ ತೊಂದರೆಯಿದೆ: ಜಗಿತ ಕಡಿಮೆ, ಜೊಲ್ಲು ಕಡಿಮೆ, ಹೊಟ್ಟೆ ಹುಳಿಯಾಗುವ ಅಪಾಯ.

ಕುದುರೆಮೆಂತೆಯಲ್ಲಿ ನಾರಿನದು ನಿಧಾನದ ಸಮಸ್ಯೆಯಾದರೆ ಪ್ರೋಟೀನಿನದು ಆತುರದ ಸಮಸ್ಯೆ. ಎಲೆಯ ಪ್ರೋಟೀನ್ ರೂಮೆನ್ನಿಗೆ ಬಿದ್ದ ಕೆಲವೇ ಗಂಟೆಗಳಲ್ಲಿ ಬಹುಪಾಲು ಒಡೆದು ಅಮೋನಿಯಾ ಆಗುತ್ತದೆ. ಅಷ್ಟು ಅಮೋನಿಯಾ ಹಿಡಿದು ಬೆಳೆಯಲು ಸೂಕ್ಷ್ಮಜೀವಿಗಳಿಗೆ ಅದೇ ಹೊತ್ತಿಗೆ ಸಕ್ಕರೆಯೂ ಬೇಕು. ಸಿಗದಿದ್ದರೆ ಅಮೋನಿಯಾ ರಕ್ತಕ್ಕೆ ಸೇರಿ, ಯಕೃತ್ತಿನಲ್ಲಿ ಯೂರಿಯಾ ಆಗಿ, ಮೂತ್ರದಲ್ಲಿ ಹೋಗುತ್ತದೆ. ದುಡ್ಡು ಕೊಟ್ಟು ತಂದ ಪ್ರೋಟೀನ್ ಕೊಟ್ಟಿಗೆಯ ಮೋರಿಗೆ. ಹಸಿ ಕುದುರೆಮೆಂತೆಯನ್ನು ಹಸಿದ ಹಸುವಿಗೆ ಒಮ್ಮೆಲೇ ತಿನ್ನಿಸಿದರೆ ಆ ಪ್ರೋಟೀನ್ ನೊರೆ ಕಟ್ಟಿ, ಗ್ಯಾಸು ನೊರೆಯೊಳಗೆ ಸಿಕ್ಕಿಕೊಂಡು ತೇಗು ಬರದೆ ಹೊಟ್ಟೆ ಉಬ್ಬುತ್ತದೆ. ಗಂಟೆಗಳಲ್ಲಿ ಹಸು ಸತ್ತದ್ದೂ ಉಂಟು. ಅದಕ್ಕೇ ಹಳ್ಳಿಯಲ್ಲಿ ಅನುಭವಸ್ಥರು ಮೊದಲು ಒಣಹುಲ್ಲು ಹಾಕಿ, ಹಸಿರನ್ನು ಬಾಡಿಸಿ, ಮಿತವಾಗಿ ಕೊಡುತ್ತಾರೆ.

ಪ್ರಕೃತಿಯಲ್ಲಿ ಇದಕ್ಕೊಂದು ಉಪಾಯವಿದೆ, ಟ್ಯಾನಿನ್. ಹಸಿ ಅಡಿಕೆ ಜಗಿದಾಗ ನಾಲಿಗೆ ಒಗರಾಗುತ್ತದಲ್ಲ, ಆ ಗುಣ. ಟ್ಯಾನಿನ್ ರೂಮೆನ್ನಿನ ಪಿಎಚ್‌ನಲ್ಲಿ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ, ನಾಲ್ಕನೆಯ ಕೋಣೆಯ ಕಟುವಾದ ಆಮ್ಲದಲ್ಲಿ ಬಿಟ್ಟುಕೊಡುತ್ತದೆ. ಪ್ರೋಟೀನ್ ಸೂಕ್ಷ್ಮಜೀವಿಗಳ ಕೈ ತಪ್ಪಿಸಿಕೊಂಡು ನೇರ ಹಸುವಿನ ಕರುಳಿಗೆ ತಲುಪುತ್ತದೆ. ಕುದುರೆಮೆಂತೆಯ ಎಲೆಯಲ್ಲಿ ಈ ಟ್ಯಾನಿನ್ ಇಲ್ಲವೆನ್ನುವಷ್ಟು ಕಡಿಮೆ, ಬೀಜದ ಸಿಪ್ಪೆಯಲ್ಲಿ ಮಾತ್ರ ಇದೆ. ಕೆನಡಾದ ಸಸ್ಕಾಟೂನಿನ ವಿಜ್ಞಾನಿಗಳು ಮೆಕ್ಕೆಜೋಳದ ಎಲ್‌ಸಿ ಎಂಬ ಜೀನನ್ನು ಕುದುರೆಮೆಂತೆಗೆ ಸೇರಿಸಿ ಎಲೆಯಲ್ಲೂ ಟ್ಯಾನಿನ್ ಬರುವಂತೆ ಮಾಡಲು ಹೊರಟರು, ಆ ಕೆಲಸ 2003ರಲ್ಲಿ ಪ್ರಕಟವಾಯಿತು. ಆಮೇಲೆ ಅಲ್ಲಿಯೇ ಟಿಟಿ8, ಎಚ್‌ಬಿ12 ಎಂಬ ಎರಡು ನಿಯಂತ್ರಕ ಜೀನುಗಳನ್ನು ಮೌನಗೊಳಿಸಿದ ಗಿಡಗಳ ಮೇವನ್ನು ರೂಮೆನ್ ರಸದಲ್ಲಿ ಹುದುಗಿಸಿ ನೋಡುವ ಪ್ರಯೋಗಗಳು ನಡೆದವು. ಇವೆಲ್ಲ ಪ್ರಯೋಗಾಲಯದ ಗಿಡಗಳು, ಅಂಗಡಿಯ ಬೀಜಗಳಲ್ಲ. ಒಂದೇ ಗಿಡದಲ್ಲಿ ನಾರು ಬೇಗ ಕರಗಬೇಕು, ಪ್ರೋಟೀನ್ ತಡವಾಗಿ ಕರಗಬೇಕು. ಎರಡನ್ನೂ ಒಮ್ಮೆಗೇ ಸಾಧಿಸುವುದು ಸುಲಭವಲ್ಲ, ಏಕೆಂದರೆ ಟ್ಯಾನಿನ್ ಹೆಚ್ಚಾದರೆ ನಾರು ತಿನ್ನುವ ಬ್ಯಾಕ್ಟೀರಿಯಾಗಳಿಗೂ ಪೆಟ್ಟು. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಸಂಸ್ಥೆಯವರು ‘ಹರಿತ್ ಧಾರಾ’ ಎಂಬ ಪೂರಕ ಮೇವು ತಯಾರಿಸಿದ್ದಾರೆ, ಮೀಥೇನ್ ಕಡಿಮೆ ಮಾಡಲು. ಅದರ ಮೂಲವೂ ಟ್ಯಾನಿನ್ ತುಂಬಿದ ನಮ್ಮ ದೇಶದ ಗಿಡಗಳೇ.

ಈಗ ವಾಟ್ಸಾಪಿನ ಪ್ರಶ್ನೆಗೆ ಬರೋಣ. ಸೇರಿಸಿದ ಜೀನ್ ಹಾಲಿಗೆ ಬರುತ್ತದೆಯೇ? ನಾವು ತಿನ್ನುವ ಪ್ರತಿ ಸೊಪ್ಪಿನಲ್ಲೂ ಡಿಎನ್‌ಎ ಇದೆ, ಹಸು ತಿನ್ನುವ ಪ್ರತಿ ಕಡ್ಡಿಯಲ್ಲೂ ಇದೆ. ರೂಮೆನ್ನಿನ ಕಿಣ್ವಗಳು, ಮುಂದಿನ ಕೋಣೆಯ ಆಮ್ಲ, ಕರುಳಿನ ಕಿಣ್ವಗಳು ಅದನ್ನು ತುಂಡು ತುಂಡು ಮಾಡುತ್ತವೆ. ಸೂಕ್ಷ್ಮ ಪರೀಕ್ಷೆಗಳಲ್ಲಿ ಗಿಡದ ಹರಿತ್ತಿನ ಡಿಎನ್‌ಎಯ ಚಿಕ್ಕ ಚೂರುಗಳು ಹಸುವಿನ ರಕ್ತದಲ್ಲಿ, ಹಾಲಿನಲ್ಲಿ ಕಂಡದ್ದುಂಟು. ಮಾಮೂಲಿ ಹುಲ್ಲು ತಿಂದ ಹಸುವಿನಲ್ಲೂ ಅವು ಕಾಣುತ್ತವೆ, ಹರಿತ್ತಿನ ಡಿಎನ್‌ಎ ಪ್ರತಿ ಕೋಶದಲ್ಲೂ ಸಾವಿರಾರು ಪ್ರತಿಗಳಲ್ಲಿ ಇರುವುದರಿಂದ. ಆ ಚೂರುಗಳು ಕೆಲಸ ಮಾಡುವ ಜೀನುಗಳಲ್ಲ. ಮೆಂತ್ಯದ ಪಲ್ಯ ತಿಂದು ನಮ್ಮಲ್ಲಿ ಯಾರಿಗೂ ಎಲೆ ಚಿಗುರಿಲ್ಲ.

ಇನ್ನೊಂದು ವಿಷಯ ಆ ಸಂದೇಶ ಬರೆದವರಿಗೆ ತಿಳಿದಿದ್ದರೆ ಬಹುಶಃ ಹೀಗೆ ಬರೆಯುತ್ತಿರಲಿಲ್ಲ. ನಮ್ಮ ದೇಶದಲ್ಲಿ ಬಿಟಿ ಹತ್ತಿಗೆ 2002ರಲ್ಲೇ ಅನುಮತಿ ಸಿಕ್ಕಿತು. ಇಂದು ಹತ್ತಿ ಬೆಳೆಯುವ ಭೂಮಿಯಲ್ಲಿ ಶೇ. 90ಕ್ಕೂ ಹೆಚ್ಚು ಬಿಟಿ. ಹತ್ತಿಕಾಳಿನ ಹಿಂಡಿ ನಮ್ಮ ಹಸು, ಎಮ್ಮೆಗಳ ದಿನನಿತ್ಯದ ಆಹಾರ, ರಾಯಚೂರಿನಲ್ಲೂ ನಾಂದೇಡದಲ್ಲೂ. 2021ರಲ್ಲಿ ಕೋಳಿ ಸಾಕುವವರ ಬೇಡಿಕೆಗೆ ಕೇಂದ್ರ ಸರ್ಕಾರ 12 ಲಕ್ಷ ಟನ್ ಜಿಎಂ ಸೋಯಾ ಹಿಂಡಿಯ ಆಮದಿಗೂ ಒಪ್ಪಿತು. ಜಿಎಂ ಮೇವಿನ ಹಾಲು ‘ಬರಲಿದೆ’ ಎನ್ನುವುದು ಹಳೆಯ ಸುದ್ದಿ, ನಮ್ಮ ಚಹಾದಲ್ಲಿ ಅದು ಎರಡು ದಶಕದಿಂದ ಕುದಿಯುತ್ತಿದೆ.

ಹಾಗಾದರೆ ಚಿಂತೆ ಮಾಡುವಂಥದ್ದು ಏನೂ ಇಲ್ಲವೇ? ಇದೆ, ಆದರೆ ಅದು ಹಾಲಿನ ಲೋಟದಲ್ಲಿ ಇಲ್ಲ, ಹೊಲದಲ್ಲಿದೆ. ಹಾರ್ವ್‌ಎಕ್ಸ್‌ಟ್ರಾ ಮಾರುಕಟ್ಟೆಗೆ ಬಂದದ್ದು ರೌಂಡಪ್ ರೆಡಿ ಜೀನಿನ ಜೊತೆಗೇ. ಮೆತ್ತನೆಯ ನಾರು ಬೇಕೆಂದ ರೈತ ಕಳೆನಾಶಕದ ಗುಣವನ್ನೂ ಕೊಳ್ಳಬೇಕು, ಬೀಜದ ಜೊತೆ ಬರುವ ಪೇಟೆಂಟಿನ ಕರಾರಿಗೂ ಸಹಿ ಹಾಕಬೇಕು. ಗ್ಲೈಫೋಸೇಟಿಗೆ ಬಗ್ಗದ ಕಳೆಗಳು ಅಮೆರಿಕದ ಹೊಲಗಳಲ್ಲಿ ಈಗ ದೊಡ್ಡ ತಲೆನೋವು. ರಸ್ತೆಬದಿಯಲ್ಲಿ ತಾನಾಗಿ ಬೆಳೆದ ಕುದುರೆಮೆಂತೆಗೂ ಆ ಜೀನ್ ದಾಟಿದೆ. 2014ರಲ್ಲಿ ಚೀನಾ, ಜಿಎಂ ಅಂಶ ಕಂಡುಬಂದ ಅಮೆರಿಕದ ಹುಲ್ಲಿನ ಸರಕನ್ನು ವಾಪಸ್ ಕಳಿಸಿತು. ಮಾಮೂಲಿ ಹುಲ್ಲು ಬೆಳೆದವನೂ ಪಕ್ಕದವನ ಬೀಜದ ಲೆಕ್ಕ ತೆರಬೇಕಾಯಿತು. ನ್ಯಾಯಾಲಯದಲ್ಲಿ ಬೀಜ ಬೆಳೆಗಾರರು ಹೇಳಿದ ಭಯ ಬರೀ ಕಲ್ಪನೆಯಾಗಿರಲಿಲ್ಲ.

ಅದೇ ಫಲಕ್ಕೆ ಬೇರೆ ದಾರಿಯೂ ಇತ್ತು ಎನ್ನುವುದು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. 1920ರ ದಶಕದಲ್ಲೇ ಅಮೆರಿಕದ ಮಿನ್ನೆಸೋಟಾದಲ್ಲಿ ಎಲೆಯ ನಡುನರ ಕಂದಾದ ಮೆಕ್ಕೆಜೋಳದ ಗಿಡ ಕಣ್ಣಿಗೆ ಬಿತ್ತು. ತಾನಾಗಿ ಆದ ಬದಲಾವಣೆ. ಅಂಥ ಗಿಡಗಳಲ್ಲಿ ಲಿಗ್ನಿನ್ ಕಡಿಮೆ. ಬಿಳಿಜೋಳದ ಬಳಗದಲ್ಲೂ 1970ರ ದಶಕದಲ್ಲಿ ಇಂಥ ಕಂದು ನರದ ಗಿಡಗಳನ್ನು ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಪಡೆದರು. ಕೆಟ್ಟಿರುವ ಕಿಣ್ವ ಯಾವುದೆಂದು ಆಮೇಲೆ ನೋಡಿದರೆ, ಕೆಲವು ಗಿಡಗಳಲ್ಲಿ ಅದು ಮೇಲೆ ಹೇಳಿದ ಕಾಮ್ಟ್! ಹೊರಗಿನ ಜೀನ್ ಸೇರಿಸದೆ, ಸಾಮಾನ್ಯ ತಳಿ ಸಂಕರಣದಿಂದಲೇ ಈ ಗುಣವನ್ನು ಬೇರೆ ತಳಿಗೆ ತರಬಹುದು.

ಬಿಳಿಜೋಳ ಎಂದೊಡನೆ ಉತ್ತರ ಕರ್ನಾಟಕದ ನಮ್ಮಂಥವರ ಕಿವಿ ನಿಮಿರುತ್ತದೆ. ನಮ್ಮ ಕಡೆ ದನಕ್ಕೆ ವರ್ಷವಿಡೀ ಆಧಾರ ಜೋಳದ ಕಣಿಕೆ. ದಕ್ಷಿಣದವರಿಗೆ ರಾಗಿ ಹುಲ್ಲು, ಭತ್ತದ ಹುಲ್ಲು. ಅಮೆರಿಕದ ಕುದುರೆಮೆಂತೆಯ ಶೇ. 3ರ ಲಾಭಕ್ಕಿಂತ ನಮ್ಮ ಕಣಿಕೆಯ ಶೇ. 3ರ ಲಾಭ ಎಷ್ಟೋ ಹೆಚ್ಚು ಕೊಟ್ಟಿಗೆಗಳಿಗೆ ತಲುಪುತ್ತದೆ. ಹೈದರಾಬಾದಿನ ಓದುಗರಿಗೆ ಆಸಕ್ತಿ ಹುಟ್ಟಿಸುವ ಸಂಗತಿ: ಸುಮಾರು ಎರಡು ದಶಕದ ಹಿಂದೆ ನಿಮ್ಮ ಊರಿನ ಕಣಿಕೆ ಮಾರುಕಟ್ಟೆಯಲ್ಲಿ ಸಂಶೋಧಕರು ವ್ಯಾಪಾರಿಗಳಿಂದ ಮಾದರಿ ತಂದು ಪ್ರಯೋಗಾಲಯದಲ್ಲಿ ಅಳೆದರು. ಜೀರ್ಣವಾಗುವ ಪಾಲು 47ರಿಂದ 52ಕ್ಕೆ ಏರಿದರೆ ಬೆಲೆ ಶೇ. 25ರಷ್ಟು ಏರುತ್ತಿತ್ತು. ನೈಲಾನ್ ಚೀಲ, ಓರ್ಸ್ಕೋವ್ ಸೂತ್ರ ಯಾವುದನ್ನೂ ಕೇಳದ ವ್ಯಾಪಾರಿ, ಕಣಿಕೆಯನ್ನು ಕಣ್ಣಿನಿಂದ ನೋಡಿ ಕೈಯಲ್ಲಿ ಮುರಿದು ಅದೇ ಉತ್ತರಕ್ಕೆ ಬಂದಿದ್ದ.

ಜೀನಿನ ತಂಟೆಯೇ ಇಲ್ಲದ ಉಪಾಯವೂ ಇದೆ. ನೂರು ಕಿಲೋ ಒಣಹುಲ್ಲಿಗೆ 4 ಕಿಲೋ ಯೂರಿಯಾವನ್ನು ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಸಿಂಪಡಿಸಿ, ಗಾಳಿಯಾಡದಂತೆ ಮುಚ್ಚಿ ಮೂರು ವಾರ ಬಿಡುವುದು. ಅಮೋನಿಯಾ ಹುಲ್ಲಿನ ಗೋಡೆಯ ಬಿಗಿಯನ್ನು ಸಡಿಲಿಸುತ್ತದೆ, ಸಾರಜನಕವನ್ನೂ ಸೇರಿಸುತ್ತದೆ. ಪಶುವೈದ್ಯರನ್ನು ಕೇಳಿಯೇ ಮಾಡಬೇಕು, ಯೂರಿಯಾ ಹೆಚ್ಚಾದರೆ, ಕರಗದೆ ಉಳಿದರೆ ವಿಷ. ಇದನ್ನು ದಶಕಗಳಿಂದ ಹೇಳುತ್ತ ಬಂದಿದ್ದಾರೆ. ಹಳ್ಳಿಯಲ್ಲಿ ಮಾಡುವವರು ಕಡಿಮೆ, ಏಕೆಂದರೆ ಕೈ ಸಾಲದು. ಕೈಗಳೆಲ್ಲ ಪುಣೆ, ಮುಂಬಯಿ, ಹೈದರಾಬಾದಿಗೆ ಬಂದಿವೆ, ಈ ಅಂಕಣ ಬರೆಯುವ ಕೈಯೂ ಸೇರಿದಂತೆ.

ಆದ್ದರಿಂದ ಮುಂದಿನ ಸಲ ಜಿಎಂ ಮೇವಿನ ಸಂದೇಶ ಬಂದಾಗ, ಬೆಂಬಲಿಸುವ ಮೊದಲು ಅಥವಾ ಬೈಯುವ ಮೊದಲು, ಮೂರು ಪ್ರಶ್ನೆ ಕೇಳಿ. ಬದಲಾಯಿಸಿದ ಜೀನ್ ಮಾಡುವ ಕೆಲಸ ಏನು: ಕಳೆಯದೋ, ನಾರಿನದೋ, ಪ್ರೋಟೀನಿನದೋ? ಲಾಭವನ್ನು ಅಳೆದದ್ದು ಎಲ್ಲಿ: ಬಟ್ಟಲಿನಲ್ಲೋ, ಚೀಲದಲ್ಲೋ, ಹಾಲು ಕರೆಯುವ ಹಸುವಿನಲ್ಲೋ? ಬೀಜ ಯಾರ ಕೈಯಲ್ಲಿ ಉಳಿಯುತ್ತದೆ, ಪಕ್ಕದ ಹೊಲದವನ ಗತಿಯೇನು? ಮೊದಲೆರಡಕ್ಕೆ ಉತ್ತರ ವಿಜ್ಞಾನಿಗಳ ಬಳಿ ಸಿಗುತ್ತದೆ. ಮೂರನೆಯದನ್ನು ನಾವು, ಊರಿನಲ್ಲಿ ಇನ್ನೂ ಹೊಲ, ದನ ಇಟ್ಟುಕೊಂಡಿರುವ ಮನೆಗಳವರು, ಕೇಳದಿದ್ದರೆ ಯಾರೂ ಕೇಳುವುದಿಲ್ಲ.

ಅಂದ ಹಾಗೆ, ನಿಮ್ಮ ಊರಿನಲ್ಲಿ ಕುದುರೆಮೆಂತೆಗೆ ಬೇರೆ ಹೆಸರಿದ್ದರೆ, ಹಸಿ ಮೇವು ತಿಂದು ಹೊಟ್ಟೆ ಉಬ್ಬಿದ ದನಕ್ಕೆ ಹಿರಿಯರು ಏನು ಮಾಡುತ್ತಿದ್ದರೆಂದು ನೆನಪಿದ್ದರೆ, ಸಂಪಾದಕರಿಗೆ ನಾಲ್ಕು ಸಾಲು ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಹಂಚಿಕೊಳ್ಳೋಣ.